ಮೈದಾನಕ್ಕೆ ಮರಳುವ ಮುನ್ನ ಕಾಲಿನ ಬಲ ಅಳೆಯಿರಿ

‘ಆಪರೇಷನ್ ಆಗಿ ಆರು ತಿಂಗಳಾಯ್ತಲ್ಲ, ಇನ್ನು ಆಡಬಹುದು.’ ಮೊಣಕಾಲಿನ ಎಸಿಎಲ್ ಲಿಗಮೆಂಟ್ ಹರಿದು ಶಸ್ತ್ರಚಿಕಿತ್ಸೆಗೆ ಒಳಗಾದ ಕಬಡ್ಡಿ, ಕೊಕ್ಕೊ, ಫುಟ್‌ಬಾಲ್ ಆಟಗಾರರಿಗೆ ಬಹಳ ಸಲ ಸಿಗುವ ಅನುಮತಿ ಇಷ್ಟೇ. ಕ್ಯಾಲೆಂಡರ್ ನೋಡಿ ಹೇಳುವ ಈ ಮಾತು ಅಪಾಯಕಾರಿ.

ಕೀಲಿಗೆ ಪೆಟ್ಟು ಬಿದ್ದು ಊದಿಕೊಂಡಾಗ, ತೊಡೆಯ ಮುಂಭಾಗದ ಸ್ನಾಯುವಿಗೆ ಹೋಗುವ ಸಂಕೇತವನ್ನು ನರವ್ಯವಸ್ಥೆಯೇ ತಗ್ಗಿಸಿಬಿಡುತ್ತದೆ. ಸ್ನಾಯು ಸೊರಗುತ್ತದೆ. ನೋವು ಹೋದರೂ ಆ ಸೊರಗು ತಿಂಗಳುಗಟ್ಟಲೆ ಉಳಿಯುತ್ತದೆ. ನಡೆಯುವಾಗ, ಮೆಟ್ಟಿಲು ಹತ್ತುವಾಗ ಅದು ತಿಳಿಯುವುದಿಲ್ಲ. ರೇಡ್‌ಗೆ ಹೋದವನು ಒಂಟಿ ಕಾಲಿನ ಮೇಲೆ ಗಕ್ಕನೆ ತಿರುಗಿದಾಗ ತಿಳಿಯುತ್ತದೆ. ಕಾಲಿಗೆ ಕೈಯೊತ್ತಿ 0ಯಿಂದ 5ರವರೆಗೆ ಅಂಕ ಕೊಡುವ ಹಳೆಯ ಪರೀಕ್ಷೆಯೂ ಇಲ್ಲಿ ಸಾಲದು. ತೊಡೆಯ ಸ್ನಾಯು ಎಷ್ಟು ಗಟ್ಟಿ ಎಂದರೆ, ಸಾಕಷ್ಟು ಬಲ ಕಳೆದುಕೊಂಡ ಮೇಲೂ ಅದು ಪರೀಕ್ಷಕರ ಕೈಯನ್ನು ಸೋಲಿಸಬಲ್ಲದು.

ಐಸೊಕೈನೆಟಿಕ್ ಯಂತ್ರ ಬೇಕಾಗುವುದು ಇದಕ್ಕೇ. ಹಿಸ್ಲಾಪ್ ಮತ್ತು ಪೆರೀನ್ 1967ರಲ್ಲಿ ವಿವರಿಸಿದ ತತ್ವ ಸರಳ: ಆಟಗಾರನನ್ನು ಕುರ್ಚಿಗೆ ಬಿಗಿದು, ಕಣಕಾಲನ್ನು ಯಂತ್ರದ ತೋಳಿಗೆ ಕಟ್ಟುತ್ತಾರೆ. ತೋಳಿನ ವೇಗ ಮೊದಲೇ ನಿಗದಿ, ಸಾಮಾನ್ಯವಾಗಿ ಸೆಕೆಂಡಿಗೆ 60 ಡಿಗ್ರಿ. ಎಷ್ಟೇ ಜೋರಾಗಿ ಒದ್ದರೂ ಅದು ಅದಕ್ಕಿಂತ ಬೇಗ ಚಲಿಸದು. ಒದ್ದ ಬಲವೆಲ್ಲ ಕೋನ ಕೋನಕ್ಕೂ ದಾಖಲಾಗುತ್ತದೆ. ಬಳಿಕ ಎರಡೂ ಕಾಲುಗಳ ಹೋಲಿಕೆ.

ಇದರ ಬೆಲೆ ತಿಳಿಯಲು 2016ರಲ್ಲಿ ಪ್ರಕಟವಾದ ಡೆಲವೇರ್–ಓಸ್ಲೊ ಅಧ್ಯಯನ ನೋಡಬೇಕು. ಸ್ನಾಯುಬಲ, ಜಿಗಿತ ಮೊದಲಾದ ಪರೀಕ್ಷೆಗಳಲ್ಲಿ ತೇರ್ಗಡೆಯಾಗದೆ ಆಟಕ್ಕೆ ಮರಳಿದವರಲ್ಲಿ ಶೇ 38.2ರಷ್ಟು ಮಂದಿಗೆ ಮೊಣಕಾಲಿಗೆ ಮತ್ತೆ ಪೆಟ್ಟಾಯಿತು. ತೇರ್ಗಡೆಯಾದವರಲ್ಲಿ ಶೇ 5.6ರಷ್ಟು ಮಂದಿಗೆ ಮಾತ್ರ. ಒಂಬತ್ತು ತಿಂಗಳವರೆಗೆ ಕಾದ ಒಂದೊಂದು ತಿಂಗಳೂ ಅಪಾಯವನ್ನು ಸುಮಾರು ಅರ್ಧದಷ್ಟು ಇಳಿಸಿತ್ತು. ಅಧ್ಯಯನ ಸಣ್ಣದು, ನೂರು ಚಿಲ್ಲರೆ ಜನರದ್ದು. ಆದರೂ ಈ ಅಂತರವನ್ನು ಕಡೆಗಣಿಸಲಾಗದು.

ಹಾಗೆಂದು ಯಂತ್ರದ ಅಂಕಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಗಾಯಗೊಂಡ ಕಾಲು ಇನ್ನೊಂದರ ಶೇ 90ರಷ್ಟು ಬಲ ತೋರಿದರೆ ಸಾಕು ಎಂಬ ಲೆಕ್ಕವಿದೆ. ಆಟವಿಲ್ಲದ ತಿಂಗಳುಗಳಲ್ಲಿ ಆ ‘ಒಳ್ಳೆಯ’ ಕಾಲೂ ಬಡವಾಗಿರುತ್ತದಲ್ಲ! ಎರಡೂ ಸೊರಗಿದ್ದರೆ ಹೋಲಿಕೆ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಶಸ್ತ್ರಚಿಕಿತ್ಸೆಗೆ ಮುನ್ನವೇ, ಇನ್ನೂ ಒಳ್ಳೆಯದೆಂದರೆ ಗಾಯವಾಗುವ ಮೊದಲೇ, ಅಳತೆ ಬರೆದಿಟ್ಟಿರಬೇಕು.

ಲಕ್ಷಗಟ್ಟಲೆ ಬೆಲೆಯ ಈ ಯಂತ್ರ ಪ್ರತಿ ಜಿಲ್ಲೆಗೂ ಬರಲೆಂದು ಕಾಯಬೇಕಿಲ್ಲ. ಅಂಗೈಯಲ್ಲಿ ಹಿಡಿಯುವ ಡೈನಮೊಮೀಟರ್‌ ಅನ್ನು ಬೆಲ್ಟ್‌ನಿಂದ ಬಿಗಿದು ಅಳೆದರೆ ಉಪಯುಕ್ತ ಲೆಕ್ಕವೇ ಸಿಗುತ್ತದೆ. ಅದೂ ಇಲ್ಲವೆಂದರೆ ಜಿಮ್‌ನ ಲೆಗ್ ಎಕ್ಸ್‌ಟೆನ್ಷನ್‌ನಲ್ಲಿ, ಫಿಸಿಯೋಥೆರಪಿಸ್ಟ್ ಎದುರಲ್ಲಿ, ಒಂದೊಂದೇ ಕಾಲು ಎಷ್ಟು ಭಾರ ಎತ್ತುತ್ತದೆಂದು ನೋಡಬಹುದು. ಕ್ರೀಡಾ ಇಲಾಖೆ ತನ್ನ ವಸತಿ ನಿಲಯಗಳಿಗೆ ಇಷ್ಟನ್ನಾದರೂ ಒದಗಿಸಲಿ, ಋತುವಿನ ಆರಂಭದಲ್ಲೇ ಪ್ರತಿ ಮಗುವಿನ ಎರಡೂ ಕಾಲುಗಳ ಬಲ ದಾಖಲಿಸಲಿ. ಎಳೆಯ ಆಟಗಾರರಲ್ಲೇ ಲಿಗಮೆಂಟ್ ಮತ್ತೆ ಹರಿಯುವ ಸಾಧ್ಯತೆ ಹೆಚ್ಚು. ಶಸ್ತ್ರಚಿಕಿತ್ಸೆಯಾದ ಆಟಗಾರರ ಹೆಸರು, ಈ ಅಳತೆಯ ಚೀಟಿ ಇಲ್ಲದೆ ಆಯ್ಕೆ ಪಟ್ಟಿಗೆ ಸೇರಕೂಡದು.