ಡಿಫ್ರ್ಯಾಗ್‌ಗೆ ದುಡ್ಡು ಏಕೆ?

ಡಿಸ್ಕಿನಲ್ಲಿ ಚೂರುಚೂರಾಗಿ ಹರಡಿದ ಕಡತಗಳನ್ನು ಜೋಡಿಸಲು ವಿಂಡೋಸ್ ಜೊತೆಗೇ ಬರುವ ಡಿಫ್ರ್ಯಾಗ್ ಸಾಧನ ಹೆಸರಿಗಷ್ಟೇ, ದುಡ್ಡು ಕೊಟ್ಟು ಹೊರಗಿನದನ್ನು ಹಾಕಿಕೊಂಡರೆ ಮಾತ್ರ ಕಂಪ್ಯೂಟರ್ ಚುರುಕಾಗುತ್ತದೆ ಎಂಬ ಲೇಖನವೊಂದರ ವಾದವನ್ನು ಒಪ್ಪಲಾಗದು. ಎಕ್ಸ್‌ಪಿ ಕಾಲದಲ್ಲಿ ಆ ಮಾತಿಗೆ ತೂಕವಿತ್ತು. ಆಗ ನಾವೇ ಕೂತು ಅದನ್ನು ನಡೆಸಬೇಕಿತ್ತು. ವಿಸ್ತಾ ಬಂದ ಮೇಲೆ ಅದು ವೇಳಾಪಟ್ಟಿಯಂತೆ ತಾನೇ ನಡೆಯುತ್ತದೆ.

ಹೊರಗಿನ ಸಾಧನ ಕಂಡುಹಿಡಿಯುವ ಚೂರುಗಳನ್ನು ವಿಂಡೋಸ್ ಬಿಟ್ಟುಬಿಡುತ್ತದೆ ಎಂಬುದು ಲೇಖಕರ ದೊಡ್ಡ ಆಕ್ಷೇಪ. 64 ಎಂಬಿಗಿಂತ ದೊಡ್ಡ ತುಂಡುಗಳನ್ನು ಬಿಡುವುದು ನಿಜ, ಆದರೆ ಬೇಕೆಂದೇ. ಅಷ್ಟು ದೊಡ್ಡ ತುಂಡನ್ನು ಓದಲು ಸಾಮಾನ್ಯ ಹಾರ್ಡ್ ಡಿಸ್ಕಿಗೆ ಸುಮಾರು ಅರ್ಧ ಸೆಕೆಂಡು ಬೇಕು. ಮುಂದಿನ ತುಂಡಿಗೆ ಹೆಡ್ ಸರಿಯಲು ಹತ್ತಿಪ್ಪತ್ತು ಮಿಲಿಸೆಕೆಂಡು ಸಾಕು. ಅಂಥವನ್ನು ಜೋಡಿಸಲು ಗಂಟೆಗಟ್ಟಲೆ ಡಿಸ್ಕ್ ತಿರುಗಿಸುವುದು ದಂಡ. ಹೊರಗಿನ ಸಾಧನ ತೆರೆಯ ಮೇಲೆ ತೋರಿಸುವ ಸುಂದರ ಬಣ್ಣದ ಚೌಕಗಳು ವೇಗದ ಪುರಾವೆಯಲ್ಲ.

ನನಗೆ ಸಿಟ್ಟು ಬಂದದ್ದು ಲೇಖನದಲ್ಲಿ ಎಸ್‌ಎಸ್‌ಡಿ ಬಗ್ಗೆ ಒಂದೇ ಒಂದು ಮಾತಿಲ್ಲದ್ದಕ್ಕೆ. ಅದರಲ್ಲಿ ಸರಿಯುವ ಹೆಡ್ಡೇ ಇಲ್ಲ, ಬರೆಯುವ ಆಯುಷ್ಯಕ್ಕೋ ಮಿತಿಯಿದೆ. ವಿಂಡೋಸ್ 8ರಿಂದ ಒಳಗಿನ ಸಾಧನ ಎಸ್‌ಎಸ್‌ಡಿಯನ್ನು ಗುರುತಿಸಿ, ಖಾಲಿಯಾದ ಜಾಗ ಯಾವುದೆಂದು ತಿಳಿಸುವ ಟ್ರಿಮ್ ಆಜ್ಞೆ ಕಳಿಸುತ್ತದೆ. ಹಳೆಯ ಹೊರಗಿನ ತಂತ್ರಾಂಶಕ್ಕೆ ಆ ವ್ಯತ್ಯಾಸ ತಿಳಿಯದಿದ್ದರೆ ಕಡತಗಳನ್ನು ಸುಮ್ಮನೆ ಮತ್ತೆ ಮತ್ತೆ ಬರೆದು ಡ್ರೈವನ್ನು ಸವೆಸುತ್ತದೆ. ಓದುಗರಿಗೆ ಮೊದಲು ಹೇಳಬೇಕಾದ್ದು ಇದನ್ನೇ ಅಲ್ಲವೇ?

ಹಾರ್ಡ್ ಡಿಸ್ಕಿನಲ್ಲಿ ಒಂದೇ ಒಂದು ಕಡತವನ್ನು ಜೋಡಿಸಬೇಕೆಂದರೆ ಮೈಕ್ರೋಸಾಫ್ಟ್‌ನದೇ ಸಿಸ್‌ಇಂಟರ್ನಲ್ಸ್ ಸಂಗ್ರಹದ ಕಾಂಟಿಗ್ ಇದೆ, ಅದೂ ಉಚಿತವಾಗಿ.