ಎಂಟನೆಯ ಆವರ್ತ ಎಲ್ಲಿದೆ?

ಕ್ಯಾತಗಾನಚೆರ್ಲು ಕಡೆಯ ತಂದೆಯೊಬ್ಬರು ತಮ್ಮ ಮಗಳ ಸಂಗೀತದ ಹಾಳೆಗಳನ್ನು ತಂದು ನನ್ನ ಮುಂದಿಟ್ಟರು. ಹುಡುಗಿ ಏಳನೆಯ ತರಗತಿ. ವಾರಕ್ಕೊಮ್ಮೆ ಬಸ್ಸು ಹಿಡಿದು ಮಧುಗಿರಿಗೆ ಹೋಗಿ ಪಾಠ. ಮಿಕ್ಕ ದಿನ ಟೀಚರು ಫೋನಿನಲ್ಲೇ ಕೇಳಿ ತಿದ್ದುತ್ತಾರೆ. "ಇವಳಿಗೆ ತಾಳವೇ ನಿಲ್ಲೋದಿಲ್ಲ ಸಾರ್. ಜೂನಿಯರ್ ಪರೀಕ್ಷೆಗೆ ಕಟ್ಟಿಸೋದೋ, ಬಿಡಿಸಿಬಿಡೋದೋ ಹೇಳಿ" ಎಂದರು. ಹುಡುಗಿ ತಲೆ ತಗ್ಗಿಸಿ ನಿಂತಿತ್ತು.

ಹಾಳೆ ನೋಡಿದೆ. ಯಾವುದೋ ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ್ದು. ಅಕ್ಷರ ದುಂಡಗೆ, ಮುತ್ತು ಪೋಣಿಸಿದಂತಿದೆ. ಮಲಹರಿ ರಾಗದ ಮೊದಲನೆಯ ಪಿಳ್ಳಾರಿ ಗೀತೆ, ರೂಪಕ ತಾಳ. ಎರಡಕ್ಷರದ ದ್ರುತ, ನಾಲ್ಕಕ್ಷರದ ಲಘು, ಒಟ್ಟು ಆರಕ್ಷರಕ್ಕೆ ಒಂದು ಆವರ್ತ. ಆದರೆ ಹಾಳೆಯಲ್ಲಿ ಸಾಲಿಗೆ ಎಂಟೆಂಟು ಅಕ್ಷರ ಕೂತಿತ್ತು! ಎರಡನೆಯ ಸಾಲು ಲಘುವಿನಿಂದ ಶುರು, ಮೂರನೆಯದು ಲಘುವಿನ ನಟ್ಟನಡುವಿನಿಂದ. ಹುಡುಗಿ ಪಾಪ, ಸಾಲಿನ ಮೊದಲೇ ಸಮ ಎಂದು ನಂಬಿ ಪ್ರತಿ ಸಾಲಿಗೂ ಹೊಸದಾಗಿ ತಾಳ ಹಾಕುತ್ತಿತ್ತು. ಟೀಚರು ಫೋನಿನಲ್ಲಿ "ಎಂಟನೆಯ ಆವರ್ತದಿಂದ ಹಾಡು" ಎಂದರೆ ಅವಳು ಎಂಟನೆಯ ಸಾಲಿನಿಂದ ಹಾಡುತ್ತಿದ್ದಳು. ಸಾಲದ್ದಕ್ಕೆ ತಾರಸ್ಥಾಯಿಯ ಚುಕ್ಕೆಗಳೂ ಮಾಯ. ಆ ಗೀತೆಯ ಮೊದಲನೆಯ ಆವರ್ತದಲ್ಲೇ ಮೇಲಿನ ಷಡ್ಜ, ಮೇಲಿನ ರಿಷಭ ಬರುತ್ತವೆ. ಚುಕ್ಕೆ ಬಿದ್ದುಹೋದರೆ ಸ್ವರ ಒಂದು ಸ್ಥಾಯಿ ಕೆಳಗೆ ಬಿತ್ತೆಂದೇ ಅರ್ಥ. ತಾಳ ತಪ್ಪಿದ್ದು ಹುಡುಗಿಯದಲ್ಲ, ಹಾಳೆಯದು.

ಪಾಶ್ಚಾತ್ಯ ಸಂಗೀತದವರು ಈ ತೊಂದರೆಗೆ ಬಹಳ ಹಿಂದೆಯೇ ದಾರಿ ಕಂಡುಕೊಂಡಿದ್ದಾರೆ. ಅವರ ಸ್ವರಲಿಪಿಯಲ್ಲಿ ಎರಡು ಅಡ್ಡಗೆರೆಗಳ ನಡುವಿನ ಭಾಗಕ್ಕೆ 'ಬಾರ್' ಎಂದು ಹೆಸರು. ಪ್ರತಿ ಬಾರ್‌ಗೂ ಒಂದು ಸಂಖ್ಯೆ. ನಮ್ಮ ಮೈಸೂರಿನ ಪೊಲೀಸ್ ಇಂಗ್ಲಿಷ್ ಬ್ಯಾಂಡಿನಂಥ ತಂಡವನ್ನು ನೆನೆಯಿರಿ. ಅಷ್ಟು ಜನರ ಮುಂದೆ ಬೇರೆ ಬೇರೆ ಹಾಳೆಗಳಿರುತ್ತವೆ. "ನಲವತ್ತರಿಂದ" ಎಂದೊಡನೆ ಎಲ್ಲರೂ ಒಂದೇ ಜಾಗಕ್ಕೆ ಬರಬೇಕು. 1996ರಲ್ಲಿ ಹಾಲೆಂಡಿನ ಇಬ್ಬರು ಆರಂಭಿಸಿದ 'ಲಿಲಿಪಾಂಡ್' ಎಂಬ ಉಚಿತ ತಂತ್ರಾಂಶ ಈ ಕೆಲಸವನ್ನು ತಾನೇ ಮಾಡುತ್ತದೆ. ಪ್ರತಿ ಸಾಲಿನ ಆರಂಭದಲ್ಲಿ, ಗೆರೆಗಳ ಮೇಲ್ಗಡೆ ಎಡತುದಿಗೆ, ಚಿಕ್ಕ ಅಂಕಿ. ಬೇಕೆಂದರೆ ಐದೈದು ಬಾರ್‌ಗೆ ಒಂದರಂತೆ ಹಾಕಬಹುದು, ಚೌಕದಲ್ಲೋ ವೃತ್ತದಲ್ಲೋ ಕೂರಿಸಬಹುದು. ಮೊದಲ ಸಾಲಿಗೆ ಮಾತ್ರ ಅದು ಅಂಕಿ ಹಾಕುವುದಿಲ್ಲ. ಒಂದು ಎಂಬುದನ್ನು ಹೇಳಬೇಕೇ ಎಂಬ ಬಿಗುಮಾನ! ಮಕ್ಕಳ ಹಾಳೆಯಲ್ಲಿ ಒಂದನ್ನೂ ಹಾಕುವುದೇ ವಾಸಿ.

ಸ್ವರವನ್ನು ಅಚ್ಚು ಹಾಕುವ ಪೇಚಾಟ ನಮ್ಮವರಿಗೂ ಹೊಸದೇನಲ್ಲ. ಸುಬ್ಬರಾಮ ದೀಕ್ಷಿತರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ' 1904ರಲ್ಲಿ ಎಟ್ಟಯಾಪುರದ ವಿದ್ಯಾವಿಲಾಸಿನಿ ಮುದ್ರಣಾಲಯದಲ್ಲಿ ತೆಲುಗು ಲಿಪಿಯಲ್ಲಿ ಅಚ್ಚಾಯಿತು. ಗಮಕಗಳಿಗೂ ಅದರಲ್ಲಿ ಪ್ರತ್ಯೇಕ ಚಿಹ್ನೆಗಳಿವೆ. ತೆಲುಗು ಓದಬಲ್ಲ ಪಾವಗಡ, ಮಧುಗಿರಿ ಗಡಿಯವರು ಒಮ್ಮೆ ತಿರುವಿ ನೋಡಬೇಕು. ಎಲ್ಲವೂ ಮೊಳೆ ಜೋಡಿಸಿ ಮಾಡಿದ ಕೆಲಸ.

ಮನೆಯ ಕಂಪ್ಯೂಟರಿನಲ್ಲಿ ಕನ್ನಡ ಸ್ವರಲಿಪಿ ಮಾಡುವವರಿಗೆ ನನ್ನ ಸಲಹೆ ಇಷ್ಟೆ: ಸ್ಪೇಸ್ ಬಾರ್ ಒತ್ತಿ ಒತ್ತಿ ಅಕ್ಷರ ಸರಿಸಬೇಡಿ. ಕಾಗದದ ಅಳತೆ ಬದಲಾದೊಡನೆ ಎಲ್ಲ ಚೆಲ್ಲಾಪಿಲ್ಲಿ. ಅದರ ಬದಲು ಕೋಷ್ಟಕ, ಅಂದರೆ ಟೇಬಲ್ ಹಾಕಿ. ಒಂದಕ್ಷರ ಕಾಲಕ್ಕೆ ಒಂದು ಮನೆ, ಒಂದು ಆವರ್ತಕ್ಕೆ ಒಂದು ಸಾಲು. ರೂಪಕಕ್ಕೆ ಆರು ಮನೆ, ಆದಿತಾಳಕ್ಕೆ ಎಂಟು. ಮನೆಗಳ ಗೆರೆಯನ್ನೆಲ್ಲ ಅಳಿಸಿ, ತಾಳದ ಅಂಗ ಮುಗಿಯುವ ಕಡೆ ಒಂಟಿ ಗೆರೆ, ಆವರ್ತ ಮುಗಿಯುವಲ್ಲಿ ಜೋಡಿ ಗೆರೆ ಉಳಿಸಿಕೊಳ್ಳಿ. ಸಾಹಿತ್ಯಕ್ಕೆ ಕೆಳಗೇ ಇನ್ನೊಂದು ಸಾಲು.

ಎಲ್ಲಕ್ಕಿಂತ ಎಡಗಡೆ ಒಂದು ಕಿರಿದಾದ ಕಂಬ, ಅದು ಆವರ್ತದ ಸಂಖ್ಯೆಗೆ. ಸ್ವರದ ಸಾಲಿಗೆ ಮಾತ್ರ ಸಂಖ್ಯೆ. ಸಾಹಿತ್ಯದ ಸಾಲಿಗೆ ಬೇಡ. ಸ್ವರಕ್ಕೆ 14 ಪಾಯಿಂಟ್ ಇಟ್ಟರೆ ಅಂಕಿಗೆ 9 ಸಾಕು. ಅಂಕಿಯನ್ನು ಸ್ವರಕ್ಕೆ ಅಂಟಿಸಿದಿರೋ, ಕೆಟ್ಟಿತು. ರಿ1, ರಿ2 ಎಂದು ಸ್ವರಸ್ಥಾನ ಗುರುತಿಸುವ ಅಂಕಿಗಳೂ ನಮ್ಮಲ್ಲಿವೆಯಲ್ಲ! ಸ್ವರಸ್ಥಾನಕ್ಕೆ ಇಂಗ್ಲಿಷ್ ಅಂಕಿ, ಆವರ್ತಕ್ಕೆ ಕನ್ನಡ ಅಂಕಿ ಹಾಕಿದರೆ ಗೊಂದಲವೇ ಇರದು. ಸಂಗತಿಗಳಿಗೆ ಹೊಸ ಸಂಖ್ಯೆ ಕೊಡಬೇಡಿ. ೩ಅ, ೩ಆ ಎಂದು ಮಾಡಿದರೆ ಮುಂದಿನ ಲೆಕ್ಕ ಕೆಡುವುದಿಲ್ಲ.

ಹಾಡು ಸಮದ ಮೇಲೆ ಎತ್ತುಗಡೆಯಾಗದಿದ್ದರೆ? ಸಮ ಕಳೆದ ಮೇಲೆ ಶುರುವಾಗುವ ಕೃತಿಯಾದರೆ ಖಾಲಿ ಮನೆಗೆ ಅಲ್ಪವಿರಾಮದ ಚಿಹ್ನೆ ಹಾಕಿ ಒಂದನೆಯ ಆವರ್ತವೆಂದೇ ಎಣಿಸಿ. ಸಮಕ್ಕೆ ಮೊದಲೇ ಎತ್ತುವುದಾದರೆ ಆ ತುಣುಕಿಗೆ ಅಂಕಿ ಬೇಡ. ಮೊದಲ ಪೂರ್ಣ ಆವರ್ತವೇ ಒಂದು. ಪಾಶ್ಚಾತ್ಯರ ಪದ್ಧತಿಯೂ ಇದೇ.

ಇನ್ನು ಚುಕ್ಕೆ. ಯೂನಿಕೋಡಿನಲ್ಲಿ ಅಕ್ಷರದ ಮೇಲೆ, ಕೆಳಗೆ ಚುಕ್ಕೆ ಕೂರಿಸುವ ಸಂಕೇತಗಳಿವೆ. ಆದರೆ ಎಲ್ಲ ಕನ್ನಡ ಫಾಂಟುಗಳೂ ಅದನ್ನು ಸರಿಯಾಗಿ ಕೂರಿಸುವುದಿಲ್ಲ. 'ರಿ'ಯ ಗುಡಿಸಿಗೆ ಚುಕ್ಕೆ ಡಿಕ್ಕಿ ಹೊಡೆಯುವುದುಂಟು. ಹಳೆಯ ಫಾಂಟಿನ ಕಡತವಾದರೆ, ಆ ಫಾಂಟಿಲ್ಲದ ಯಂತ್ರದಲ್ಲಿ ಹಾಡೇ ಗೋಜಲು. ಆದ್ದರಿಂದ ಮನೆಯಲ್ಲೇ ಪಿಡಿಎಫ್ ಮಾಡಿ ಒಯ್ಯಿರಿ. ಅಚ್ಚಾದ ಮೇಲೆ ಮೂಲ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಚುಕ್ಕೆಗಳನ್ನು ಒಂದೊಂದಾಗಿ ಎಣಿಸಿ. ಈ ಎಣಿಕೆಯನ್ನು ತಂದೆತಾಯಿಗಳು ಮಾಡಬಹುದು, ಸಂಗೀತ ಬರಬೇಕೆಂದಿಲ್ಲ.

ಆ ಗೀತೆಯನ್ನು ಹೀಗೆ ಮತ್ತೆ ಕೂರಿಸಿಕೊಟ್ಟೆ. ಅಪ್ಪನೇ ಹಾಳೆ ಹಿಡಿದು "ಎಂಟು" ಎಂದರು. ಹುಡುಗಿ ಅಂಕಿಯ ಮೇಲೆ ಬೆರಳಿಟ್ಟು, ದ್ರುತ ಹಾಕಿ, ಶುರು ಮಾಡಿತು.