ಕೆಂಪು ಚೀಟಿಯ ಕಥೆ

ಈದ್‌ಗೆ ನಾನಾ ಕೊಟ್ಟ 300 ರೂಪಾಯಿಯಲ್ಲಿ ಅಕ್ಕನ ಮಗ ಒಂದು ಅಂಚೆ ಚೀಟಿ ತರಿಸಿಕೊಂಡಿದ್ದ. "ಖಾಲಾ, ಇದು 1897ರ ಚೀನಾದ ಚೀಟಿ. ಮಾರಿದರೆ ಕೋಟಿ ಬರುತ್ತದಂತೆ" ಎಂದ. ಅವನ ಮುಖದ ಹೊಳಪು ನೋಡಿ ನನಗೆ ತಕ್ಷಣ ಏನೂ ಹೇಳಲಾಗಲಿಲ್ಲ.

ಚೀನಾದ ಮೊದಲ ಅಂಚೆ ಚೀಟಿಗಳು ಬಂದದ್ದು 1878ರಲ್ಲಿ. ಹೊರತಂದದ್ದು ಅಂಚೆ ಇಲಾಖೆಯಲ್ಲ, ಸುಂಕ ಇಲಾಖೆ! ಅದರ ಮುಖ್ಯಸ್ಥರು ಐರ್ಲೆಂಡಿನ ರಾಬರ್ಟ್ ಹಾರ್ಟ್. ಹಸಿರು, ಕೆಂಪು, ಹಳದಿ ಬಣ್ಣದ ಮೂರು ಚೀಟಿಗಳಲ್ಲೂ ಡ್ರ್ಯಾಗನ್ ಚಿತ್ರವಿತ್ತು.

1897ರಲ್ಲಿ ಹೊಸ ಅಂಚೆ ವ್ಯವಸ್ಥೆ ಆರಂಭವಾಯಿತು. ನಾಣ್ಯದ ಲೆಕ್ಕವೂ ಬದಲಾಯಿತು. ಹೊಸ ಚೀಟಿಗಳು ಸಿದ್ಧವಾಗಿರಲಿಲ್ಲ. ಆಗ ಬಳಕೆಯಾಗದೆ ಉಳಿದಿದ್ದ ಕೆಂಪು ಬಣ್ಣದ ತೆರಿಗೆ ಚೀಟಿಗಳ ಮೇಲೆ ಕಪ್ಪು ಶಾಯಿಯಲ್ಲಿ ಹೊಸ ಬೆಲೆ ಅಚ್ಚು ಹಾಕಿ ಕೆಲಸ ಸಾಗಿಸಿದರು. ಒಂದು ಡಾಲರಿನ ಚೀಟಿಯಲ್ಲಿ ಅಕ್ಷರಗಳು ತೀರಾ ಚಿಕ್ಕದಾದವೆಂದು, ಸ್ವಲ್ಪವೇ ಮುದ್ರಿಸಿ ದೊಡ್ಡ ಅಕ್ಷರಕ್ಕೆ ಬದಲಾಯಿಸಿದರು. ಆ ಚಿಕ್ಕ ಅಕ್ಷರದ ಚೀಟಿಗಳು ಇಂದು ಜಗತ್ತಿನಲ್ಲಿ ಉಳಿದಿರುವುದು ಸುಮಾರು 32 ಮಾತ್ರ. ಬೆಲೆ ಕೋಟಿಗಟ್ಟಲೆ ಏರಿದ್ದು ಹಾಗೆ.

ಇನ್ನೊಂದು ಕಾರಣವೂ ಇದೆ. 1966ರಲ್ಲಿ ಶುರುವಾದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಚೀಟಿ ಸಂಗ್ರಹವೇ ಸಿರಿವಂತರ ಚಟ ಎನಿಸಿಕೊಂಡಿತು. ಭಯದಿಂದ ಎಷ್ಟೋ ಮಂದಿ ತಮ್ಮ ಆಲ್ಬಮ್‌ಗಳನ್ನು ತಾವೇ ನಾಶ ಮಾಡಿದರು. ಮುಂದೆ ಅಲ್ಲಿನ ಸಿರಿವಂತರೇ ಹಳೆಯ ಚೀಟಿಗಳಿಗಾಗಿ ಹರಾಜಿನಲ್ಲಿ ಪೈಪೋಟಿಗೆ ಇಳಿದರು. ಬೇಡಿಕೆ ಇದ್ದಲ್ಲಿ ನಕಲಿಗೆ ಬರವೇ?

ಭೂತಗನ್ನಡಿ ಹಿಡಿದು ಇಬ್ಬರೂ ನೋಡಿದೆವು. ಅಸಲಿಯನ್ನು ಲೋಹದ ಮೇಲೆ ಕೆತ್ತಿದ ಅಚ್ಚಿನಿಂದ ಮುದ್ರಿಸಿದ್ದರು, ಅದರಲ್ಲಿ ತೆಳುವಾದ ಗೆರೆಗಳು ಎದ್ದು ಕಾಣಬೇಕು. ಇದರಲ್ಲಿದ್ದುದು ಬಣ್ಣದ ಚುಕ್ಕಿಗಳ ರಾಶಿ. ಅವನ ಕಣ್ಣು ತುಂಬಿ ಬಂತು.

ನಾನು ಬೀರುವಿನಿಂದ ಒಂದು ಹಳೆಯ ಪೆಟ್ಟಿಗೆ ತೆಗೆದೆ. ನಮ್ಮ ಅಬ್ಬಾ ದುಬೈಯಲ್ಲಿ ದುಡಿಯುತ್ತಿದ್ದಾಗ ಅಮ್ಮನಿಗೆ ಬರೆದ ಪತ್ರಗಳು. "ಚೀಟಿ ಕೀಳಬೇಡ. ಲಕೋಟೆ, ಮೊಹರು ಸಹಿತ ಇಡು. ಸಂಗ್ರಹಕಾರರು ಹಾಗೆಯೇ ಇಡುತ್ತಾರೆ" ಎಂದೆ.

"ಇದಕ್ಕೆ ಎಷ್ಟು ಸಿಗುತ್ತದೆ ಖಾಲಾ?" ಎಂದು ಅವನು ಕೇಳಲಿಲ್ಲ. "ನಾನಾ ಏನು ಬರೆದಿದ್ದಾರೆ?" ಎಂದು ಕೇಳಿದ.